ಎರಡೂವರೆ ಕಿಲೋದ ಬೇಸ್ ಆಂಪ್ ನಂಬಿಕೊಂಡು ವೇದಿಕೆ ಹತ್ತಬಹುದೇ?

ಮಂದ್ರ_ಮೈಸೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ಮೈಸೂರಿನ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಗಣಪತಿ ಹಬ್ಬಕ್ಕೆ ಶುರುವಾದರೆ ನವೆಂಬರಿನ ರಾಜ್ಯೋತ್ಸವದ ಕಾರ್ಯಕ್ರಮಗಳು ಮುಗಿಯುವ ತನಕ ವಾರಕ್ಕೆ ಮೂರು ನಾಲ್ಕು ಊರು ಸುತ್ತುವುದು ನಮ್ಮ ರೂಢಿ. ನನ್ನಲ್ಲಿರುವುದು 15 ಇಂಚಿನ ಒಂದೇ ಸ್ಪೀಕರಿನ ಹಳೆಯ ಕಾಂಬೋ, ಅಂದರೆ ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು. ತೂಕ 38 ಕಿಲೋ. ಇಷ್ಟು ವರ್ಷ ಅದನ್ನು ನಾನೇ ಹೊತ್ತು ಟೆಂಪೋಗೆ ಏರಿಸಿ ಇಳಿಸುತ್ತಿದ್ದೆ. ಯುಗಾದಿಯ ಹೊತ್ತಿಗೆ ಸೊಂಟ ಹಿಡಿದುಕೊಂಡಿತು. ಡಿಸ್ಕ್ ಜರುಗಿದೆ, ಇನ್ನು ಮೇಲೆ ಹದಿನೈದು ಕಿಲೋಗಿಂತ ಹೆಚ್ಚಿನದೇನನ್ನೂ ಎತ್ತಕೂಡದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದಾರೆ. ಆಮೇಲಿಂದ ಡ್ರಮ್ಸ್ ಬಾರಿಸುವ ಹುಡುಗ ಒಂದು ಕಡೆ, ಕೀಬೋರ್ಡಿನವರು ಇನ್ನೊಂದು ಕಡೆ ಹಿಡಿದು ಅದನ್ನು ಸಾಗಿಸುತ್ತಿದ್ದಾರೆ. ಅವರು ಏನೂ ಅನ್ನುವುದಿಲ್ಲ, ಆದರೆ ನನಗೇ ಸಂಕೋಚ.

ಆದ್ದರಿಂದ ಎರಡರಿಂದ ಮೂರು ಕಿಲೋ ತೂಗುವ ಈಗಿನ ಡಿ-ಕ್ಲಾಸ್ ಹೆಡ್ (ಸ್ಪೀಕರಿಲ್ಲದ ಬರೀ ಆಂಪ್) ಒಂದನ್ನು ಕೊಂಡು, ಜೊತೆಗೆ ನಿಯೋಡಿಮಿಯಂ ಅಯಸ್ಕಾಂತದ ಹಗುರವಾದ 12 ಇಂಚಿನ ಸ್ಪೀಕರಿನ ಕ್ಯಾಬಿನೆಟ್ ಒಂದನ್ನು ಇಟ್ಟುಕೊಳ್ಳೋಣ ಎಂದುಕೊಂಡಿದ್ದೇನೆ. ಅಗ್ವಿಲಾರ್ ಟೋನ್ ಹ್ಯಾಮರ್ 500, ಮಾರ್ಕ್‌ಬಾಸ್ ಲಿಟಲ್ ಮಾರ್ಕ್, ಮೆಸಾ ಸಬ್‌ವೇ ಡಿ-800, ಈ ಮೂರರ ಮೇಲೆ ಕಣ್ಣಿದೆ. ಯಾವುದನ್ನು ಕೊಂಡರೂ ನನ್ನ ಮಟ್ಟಿಗೆ ಅದು ಎರಡು ಸೀಸನ್ನಿನ ಉಳಿತಾಯ, ಹಾಗಾಗಿ ದುಡುಕುವ ಹಾಗಿಲ್ಲ.

ನನ್ನ ಅಳುಕು ಮೊದಲನೆಯದಾಗಿ ಕರೆಂಟಿನದು. ನಮ್ಮ ಕಾರ್ಯಕ್ರಮಗಳಲ್ಲಿ ಮುಕ್ಕಾಲು ಪಾಲು ನಡೆಯುವುದು ಬಾಡಿಗೆ ಜನರೇಟರಿನ ಮೇಲೆ, ಅಥವಾ ಬೀದಿ ಕಂಬದಿಂದ ಎಳೆದ ತಾತ್ಕಾಲಿಕ ಲೈನಿನ ಮೇಲೆ. ಹಳೆಯ ಕಾಂಬೋ ಇವೆಲ್ಲವನ್ನೂ ಕಂಡು ಅರಗಿಸಿಕೊಂಡಿದೆ. ಒಂದೆರಡು ಸಲ ಫ್ಯೂಸ್ ಹೋದದ್ದು ಬಿಟ್ಟರೆ ಬೇರೇನೂ ಆಗಿಲ್ಲ. ಅಂಗೈಯಗಲದ ಈ ಹೊಸ ಪೆಟ್ಟಿಗೆಗಳು ತಡೆದಾವೇ? ಎರಡನೆಯದು ನಾದದ ಪ್ರಶ್ನೆ. ಸ್ನೇಹಿತರೊಬ್ಬರ ಹಗುರ ಆಂಪನ್ನು ಒಂದು ಸಂಜೆ ಎರವಲು ತಂದು ನುಡಿಸಿದೆ. ಮನೆಯಲ್ಲಿ ಬಹಳ ಚೆನ್ನಾಗಿತ್ತು. ಅದೇ ರಾತ್ರಿ ವೇದಿಕೆಯ ಮೇಲೆ ಡ್ರಮ್ಸ್ ಶುರುವಾದ ಕೂಡಲೇ ನನ್ನ ಸದ್ದು ನೀರು ಬೆರೆಸಿದ ಮಜ್ಜಿಗೆಯಂತಾಯಿತು. ಕೇಳಿಸುತ್ತದೆ, ಆದರೆ ಎದೆಗೆ ತಾಗುವುದಿಲ್ಲ. ಇನ್ನೂ ಒಂದು ವಿಷಯ: ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದ ಡಿಸೆಂಬರಿನಲ್ಲಿ ಬರುವವನಿದ್ದಾನೆ. ಅವನ ಕೈಯಲ್ಲಿ ತರಿಸಿಕೊಂಡರೆ ತೊಂದರೆಯುಂಟೇ? ಬಳಸಿ ಅನುಭವವಿರುವವರು, ಅದರಲ್ಲೂ ಇವನ್ನು ಬಿಚ್ಚಿ ನೋಡಿರುವವರು, ದಯವಿಟ್ಟು ತಿಳಿಸಬೇಕು.


ಬೆಸುಗೆ_ಹುಬ್ಬಳ್ಳಿ ಉತ್ತರಿಸಿದ್ದು:

ಮಂದ್ರ ಅವರೇ, ಬಿಚ್ಚಿ ನೋಡಿದವರು ಬೇಕೆಂದಿರಿ, ಆದ್ದರಿಂದ ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷಗಳಿಂದ ನನ್ನ ಅನ್ನ ಆಂಪ್ಲಿಫೈಯರ್ ರಿಪೇರಿಯದೇ. ಮೊದಲು ಧ್ವನಿವರ್ಧಕದವರ ದೊಡ್ಡ ಆಂಪ್‌ಗಳು, ಈಚೆಗೆ ಹತ್ತು ವರ್ಷಗಳಿಂದ ಗಿಟಾರ್ ಮತ್ತು ಬೇಸ್ ಆಂಪ್‌ಗಳೂ ಬರುತ್ತಿವೆ.

ಹಗುರವಾದದ್ದೆಲ್ಲ ನಾಜೂಕು ಎಂಬ ಭಾವನೆ ಸಹಜ, ಆದರೆ ತೂಕ ಎಲ್ಲಿಂದ ಇಳಿಯಿತು ಎಂಬುದನ್ನು ಗಮನಿಸಿದರೆ ಆ ಭಾವನೆ ಅರ್ಧ ಕರಗುತ್ತದೆ. ನಿಮ್ಮ ಹಳೆಯ ಕಾಂಬೋದ ಒಳಗೆ ಕಬ್ಬಿಣದ ತಗಡು ಮತ್ತು ತಾಮ್ರದ ತಂತಿಯ ಒಂದು ಟ್ರಾನ್ಸ್‌ಫಾರ್ಮರ್ ಇದೆ. 500 ವಿಎ ಸಾಮರ್ಥ್ಯದ್ದಾದರೆ ಅದೊಂದೇ ನಾಲ್ಕು ಕಿಲೋ ದಾಟುತ್ತದೆ. ಅದು ಅಷ್ಟು ದಪ್ಪ ಇರಬೇಕಾದದ್ದು ನಮ್ಮ ಕರೆಂಟು ಸೆಕೆಂಡಿಗೆ ಬರೀ 50 ಆವರ್ತನೆ ಮಾಡುವುದರಿಂದ. ಸ್ವಿಚಿಂಗ್ ಪವರ್ ಸಪ್ಲೈ ಮಾಡುವುದಿಷ್ಟೇ: ಬಂದ ಕರೆಂಟನ್ನು ಮೊದಲು ಡಿ.ಸಿ. ಮಾಡಿಕೊಂಡು, ಅದನ್ನು ಸೆಕೆಂಡಿಗೆ ಲಕ್ಷದ ಆಸುಪಾಸಿನಲ್ಲಿ ಕತ್ತರಿಸಿ, ಆಮೇಲೆ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಆವರ್ತನ ಹೆಚ್ಚಿದಷ್ಟೂ ಅದೇ ಶಕ್ತಿಯನ್ನು ದಾಟಿಸಲು ಬೇಕಾಗುವ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗುತ್ತದೆ. ಮುಷ್ಟಿಯೊಳಗೆ ಹಿಡಿಸುವ ಫೆರೈಟ್ ತುಂಡು ಸಾಕು. ಇನ್ನು ಡಿ-ಕ್ಲಾಸ್ ಎಂಬುದರಲ್ಲಿನ 'ಡಿ'ಗೆ ಡಿಜಿಟಲ್ ಎಂಬ ಅರ್ಥವಿಲ್ಲ. ಎ, ಬಿ, ಸಿ ಆದ ಮೇಲೆ ಬಂದ ಅಕ್ಷರ, ಅಷ್ಟೇ. ಅದರ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಪೂರ್ತಿ ತೆರೆದಿರುತ್ತವೆ, ಇಲ್ಲವೇ ಪೂರ್ತಿ ಮುಚ್ಚಿರುತ್ತವೆ. ಅರೆಬರೆ ತೆರೆದು ಬಿಸಿಯಾಗುತ್ತ ಕೂರುವುದಿಲ್ಲ. ಹಾಗಾಗಿ ಎಳೆದುಕೊಂಡ ಶಕ್ತಿಯಲ್ಲಿ ಶೇಕಡಾ 80ರಿಂದ 90ರಷ್ಟು ಸ್ಪೀಕರಿಗೆ ಹೋಗುತ್ತದೆ, ಮಣಭಾರದ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕಾಗುವುದಿಲ್ಲ. ಹಳೆಯ ಎಬಿ-ಕ್ಲಾಸಿನಲ್ಲಿ ಈ ಲೆಕ್ಕ ಪೂರ್ತಿ ಜೋರಿನಲ್ಲೂ 78 ದಾಟದು, ನಾವು ಸಾಮಾನ್ಯವಾಗಿ ನುಡಿಸುವ ಮಟ್ಟದಲ್ಲಂತೂ ಅದರ ಅರ್ಧಕ್ಕೆ ಬೀಳುತ್ತದೆ. ಇದು ಮೊನ್ನೆ ಮೊನ್ನೆಯ ಪ್ರಯೋಗವೂ ಅಲ್ಲ. ಅಮೆರಿಕದಲ್ಲಿ ವಾಲ್ಟರ್ ವುಡ್ಸ್ ಎಂಬುವರು 1970ರ ದಶಕದಲ್ಲೇ ಕೈಚೀಲದಲ್ಲಿ ಒಯ್ಯುವಂಥ ಆಂಪ್‌ಗಳನ್ನು ಮಾಡಿ ಜಾಝ್ ಬೇಸ್ ವಾದಕರಿಗೆ ಕೊಡುತ್ತಿದ್ದರು.

ಈಗ ಕೆಡುವ ಮಾತು. ಹೋದ ಗಣಪತಿ ಹಬ್ಬದ ಮಾರನೆಯ ದಿನ ಒಬ್ಬ ಹುಡುಗ ಇಂಥದ್ದೇ ಒಂದು ಹೆಡ್ ತಂದಿಟ್ಟ. ಮುಚ್ಚಳ ತೆಗೆಯುವ ಮೊದಲೇ ಸುಟ್ಟ ಮೀನಿನಂಥ ವಾಸನೆ. ತೆಗೆದರೆ, ಕರೆಂಟು ಒಳಬರುವ ಜಾಗದಲ್ಲಿರುವ ನೀಲಿ ಬಿಲ್ಲೆಯಂಥ ವೇರಿಸ್ಟರ್, ಅಂದರೆ ವೋಲ್ಟೇಜ್ ದಿಢೀರನೆ ಏರಿದಾಗ ಏಟನ್ನು ತಾನು ತಿನ್ನುವ ಭಾಗ, ಎರಡು ಹೋಳಾಗಿತ್ತು. ಅದರ ಹಿಂದಿನ, ವಿದ್ಯುತ್ತನ್ನು ಕೂಡಿಡುವ ದಪ್ಪ ಕೆಪಾಸಿಟರಿನ ನೆತ್ತಿ ಉಬ್ಬಿ ಸೀಳಿ, ಒಳಗಿನ ಕಾಗದ ಹತ್ತಿಯಂತೆ ಹೊರಬಂದಿತ್ತು. ಫ್ಯೂಸ್ ಗಾಜಿನ ಒಳಗೋಡೆಗೆ ಕನ್ನಡಿಯ ಹಾಗೆ ಲೋಹ ಮೆತ್ತಿಕೊಂಡಿತ್ತು. ಇಷ್ಟು ನೋಡಿದರೆ ಕಾರಣ ಕೇಳಬೇಕಿಲ್ಲ: ಪೆಂಡಾಲಿನಲ್ಲಿ ನ್ಯೂಟ್ರಲ್ ಕಿತ್ತುಹೋಗಿದೆ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತಂತಿ ಸಡಿಲಾದರೆ ಎರಡು ಫೇಸುಗಳ ನಡುವಿನ 400 ವೋಲ್ಟ್ ಅಲ್ಲಿರುವ ಸಾಮಾನುಗಳ ನಡುವೆ ಹಂಚಿಹೋಗುತ್ತದೆ, ಮತ್ತು ಕಡಿಮೆ ಕರೆಂಟು ಎಳೆಯುವ ಬಡಪಾಯಿಗೆ ಹೆಚ್ಚಿನ ವೋಲ್ಟೇಜ್ ಬಂದು ಬಡಿಯುತ್ತದೆ. ಸಾವಿರ ವಾಟಿನ ಹ್ಯಾಲೊಜನ್ ದೀಪಗಳ ಎದುರಿಗೆ ನಿಮ್ಮ ಆಂಪ್ ಯಾವಾಗಲೂ ಬಡಪಾಯಿಯೇ. 230 ವೋಲ್ಟ್ ಬಂದಾಗ ಒಳಗಿನ ಡಿ.ಸಿ. ಸುಮಾರು 325 ಆಗುತ್ತದೆ, ಅದಕ್ಕೆ ತಕ್ಕಂತೆ 400 ಅಥವಾ 450 ವೋಲ್ಟಿನ ಕೆಪಾಸಿಟರ್ ಹಾಕಿರುತ್ತಾರೆ. 400 ಬಂದರೆ ಆ ಡಿ.ಸಿ. 560 ದಾಟುತ್ತದೆ. ತಡೆಯುವ ಮಾತೇ ಇಲ್ಲ.

ನಿಮ್ಮ ಹಳೆಯ ಕಾಂಬೋ ಇದೇ ಏಟನ್ನು ಬರೀ ಫ್ಯೂಸ್ ಕೊಟ್ಟು ತಪ್ಪಿಸಿಕೊಂಡಿದ್ದರೆ ಅದು ಆ ಕಬ್ಬಿಣದ ಟ್ರಾನ್ಸ್‌ಫಾರ್ಮರಿನ ಪುಣ್ಯ. ಇಲ್ಲಿ ಮಾತ್ರ ತೂಕಕ್ಕೆ ನಿಜವಾದ ಬೆಲೆಯಿತ್ತೆಂದು ನಾನು ಒಪ್ಪುತ್ತೇನೆ. ಆದರೆ ವೋಲ್ಟೇಜ್ ಇಳಿಯುವುದರಲ್ಲಿ ಸ್ವಿಚಿಂಗ್ ಸಪ್ಲೈ ಹಳೆಯದಕ್ಕಿಂತ ಗಟ್ಟಿ. ಹಿಂಬದಿಯ ಫಲಕದಲ್ಲಿ 100ರಿಂದ 240 ಎಂದು ಬರೆದಿದ್ದರೆ ಜನರೇಟರ್ ಏದುಸಿರು ಬಿಟ್ಟು 170ಕ್ಕೆ ಬಂದರೂ ಅದು ಕಮಕ್ ಎನ್ನದು. ಆದ್ದರಿಂದ ನೀವು ಭಾರದ ಸ್ಟೆಬಿಲೈಸರ್ ಹೊತ್ತು ತಿರುಗಬೇಕಾಗಿಲ್ಲ. ಹಾಗೆ ಮಾಡುವುದಾದರೆ ಹಗುರ ಆಂಪ್ ಕೊಂಡು ಫಲವೇನು? ಫ್ರಿಜ್ಜಿಗೆ ಹಾಕುವಂಥ, ವೋಲ್ಟೇಜ್ ಮಿತಿ ಮೀರಿದರೆ ಲೈನನ್ನೇ ಕತ್ತರಿಸುವ ಪ್ರೊಟೆಕ್ಟರ್ ಒಂದು, ಜೊತೆಗೆ ಒಂದು ಮಲ್ಟಿಮೀಟರ್, ಎರಡೂ ಸೇರಿ ಅರ್ಧ ಕಿಲೋ ಆಗುವುದಿಲ್ಲ. ಪ್ಲಗ್ ಸಿಕ್ಕಿಸುವ ಮುನ್ನ ಸಾಕೆಟಿನಲ್ಲಿ ಫೇಸ್-ನ್ಯೂಟ್ರಲ್ ಅಳೆಯಿರಿ, ಫೇಸ್-ಅರ್ತ್ ಅಳೆಯಿರಿ. ದೀಪಗಳನ್ನೆಲ್ಲ ಹಾಕಿಸಿ ಮತ್ತೊಮ್ಮೆ ಅಳೆಯಿರಿ.

ನ್ಯೂಜೆರ್ಸಿಯ ಮಾತು. ಅಲ್ಲಿ 120 ವೋಲ್ಟ್. ಕೆಲವು ಹೆಡ್‌ಗಳು ಎಲ್ಲ ಕಡೆ ತಾವೇ ಹೊಂದಿಕೊಳ್ಳುತ್ತವೆ. ಕೆಲವಕ್ಕೆ ಹಿಂದೆ ಸ್ವಿಚ್ ಇರುತ್ತದೆ. ಇನ್ನು ಕೆಲವಕ್ಕೆ ಒಳಗಿನ ಬೋರ್ಡಿನಲ್ಲಿ ಒಂದು ಜಂಪರ್ ಬದಲಿಸಬೇಕು. ಹೀಗೆ ಆಯ್ಕೆ ಇರುವ ಬಹಳಷ್ಟರಲ್ಲಿ 115ರ ಸ್ಥಾನವೆಂದರೆ ವೋಲ್ಟೇಜನ್ನು ದುಪ್ಪಟ್ಟು ಮಾಡಿಕೊಳ್ಳುವ ಜೋಡಣೆ. ಅದೇ ಸ್ಥಾನದಲ್ಲಿ ನಮ್ಮ 230 ಕೊಟ್ಟರೆ ಒಳಗೆ 650 ಆಗಿ, ಪಟಾಕಿಯ ಸದ್ದಿನೊಂದಿಗೆ ಕಥೆ ಮುಗಿಯುತ್ತದೆ. ಅಂಥ ಎರಡನ್ನು ನೋಡಿದ್ದೇನೆ, ಎರಡೂ ಅಮೆರಿಕದಿಂದ ಪ್ರೀತಿಯಿಂದ ಬಂದ ಉಡುಗೊರೆಗಳು. ಭಾವಮೈದನವರಿಗೆ ಹೇಳಿ, ಕೊಳ್ಳುವ ಮುನ್ನ ಹಿಂಬದಿಯ ಫಲಕದ ಫೋಟೋ ಕಳಿಸಲಿ.

ಇನ್ನೆರಡು ಮಾತು. ಫ್ಯಾನಿನ ರೆಕ್ಕೆಗಳಿಗೆ ಮೆತ್ತುವ ಧೂಳನ್ನು ವರ್ಷಕ್ಕೊಮ್ಮೆ ಬ್ರಷ್ಷಿನಿಂದ ತೆಗೆಸಿ. ಒಳಗಿನ ಬಿಸಿ ಹತ್ತು ಡಿಗ್ರಿ ಇಳಿದರೆ ಕೆಪಾಸಿಟರಿನ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕರಾವಳಿಯಿಂದ ಬರುವ ಆಂಪ್‌ಗಳಲ್ಲಿ ಧೂಳು ಉಪ್ಪಿನ ತೇವ ಕುಡಿದು ಹಸಿ ಹಿಟ್ಟಿನಂತೆ ಬೋರ್ಡಿಗೆ ಅಂಟಿರುತ್ತದೆ, ಅದು ಬಲು ಕೆಟ್ಟದ್ದು. ರಿಪೇರಿಯ ವಿಷಯದಲ್ಲಿ ನಿಮಗೆ ಸಿಹಿಸುದ್ದಿ ಕೊಡಲಾರೆ. ಸಾಸಿವೆ ಕಾಳಿನಷ್ಟು ಚಿಕ್ಕ ಭಾಗಗಳು, ನಾಲ್ಕು ಪದರದ ಬೋರ್ಡು, ಸರ್ಕ್ಯೂಟಿನ ನಕ್ಷೆಯನ್ನು ಕಂಪನಿಗಳು ಹೊರಗೆ ಕೊಡುವುದಿಲ್ಲ. ಡೆನ್ಮಾರ್ಕಿನ ಐಸ್‌ಪವರ್‌ನಂಥವರು ಮಾಡುವ ಪವರ್ ಮಾಡ್ಯೂಲನ್ನೇ ಹಲವು ಆಂಪ್ ಕಂಪನಿಗಳು ಕೊಂಡು ಹಾಕುತ್ತವೆ. ಅದು ಹೋದರೆ ಇಡೀ ಮಾಡ್ಯೂಲ್ ಬದಲಿಸುವುದೇ ದಾರಿ. ಆ ಮಾಡ್ಯೂಲ್ ಮಾರುಕಟ್ಟೆಯಲ್ಲಿ ಇರುವಷ್ಟು ದಿನ ನಿಮ್ಮ ಆಂಪಿಗೂ ಆಯಸ್ಸು.


ಮೂರನೇಮಹಡಿ_ಬೆಂಗಳೂರು ಉತ್ತರಿಸಿದ್ದು:

ಹುಬ್ಬಳ್ಳಿಯವರು ಬರೆದ ಮೇಲೆ ಕರೆಂಟಿನ ಬಗ್ಗೆ ನಾನು ಸೇರಿಸುವುದೇನೂ ಇಲ್ಲ. ನಾದದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮಜ್ಜಿಗೆಗೆ ನೀರು ಬೆರೆಸಿದ್ದು ಆಂಪ್ ಎಂದು ನನಗೆ ಅನ್ನಿಸುತ್ತಿಲ್ಲ.

ನಾನು ಭಾರದ ಆಂಪ್‌ಗಳ ಪಕ್ಷದವನಾಗಿಯೇ ಬೆಳೆದವನು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ನಮ್ಮ ಪೀಳಿಗೆಗೆ ದೇವರ ಮೂರ್ತಿ: ವಾಲ್ವುಗಳಿಂದ 300 ವಾಟ್, ಹೆಡ್ ಒಂದೇ 38 ಕಿಲೋ ಹತ್ತಿರ, ಅದರಡಿಗೆ ಹತ್ತಿಂಚಿನ ಎಂಟು ಸ್ಪೀಕರುಗಳ, ಅರವತ್ತು ಕಿಲೋ ದಾಟುವ ಬೀರು. ಅದರ ಮುಂದೆ ನಿಂತು ಎಲ್ಲಕ್ಕಿಂತ ದಪ್ಪದ ಇ ತಂತಿ ಮೀಟಿದರೆ ಪ್ಯಾಂಟಿನ ಕಾಲು ಅಲುಗುತ್ತದೆ. ಆದರೆ ಆ ಅನುಭವದಲ್ಲಿ ಹೆಡ್ಡಿನ ಪಾಲೆಷ್ಟು, ಎಂಟು ಸ್ಪೀಕರುಗಳ ಪಾಲೆಷ್ಟು ಎಂದು ನಾವ್ಯಾರೂ ಆಗ ವಿಂಗಡಿಸಿ ನೋಡಿರಲಿಲ್ಲ. ಭಾರದ ಹೆಡ್ ಭಾರದ ಕ್ಯಾಬಿನೆಟ್ಟಿನ ಜೊತೆಗೇ ಬರುತ್ತಿತ್ತು, ಹಗುರ ಹೆಡ್ ಬಂದಾಗ ಜನ ಹಗುರ ಕ್ಯಾಬಿನೆಟ್ಟನ್ನೂ ಒಟ್ಟಿಗೇ ತಂದರು, ಬೈಗುಳ ಮಾತ್ರ ಹೆಡ್ಡಿಗೆ ಬಿತ್ತು.

ಎರಡು ವರ್ಷಗಳ ಹಿಂದೆ ನಮ್ಮ ಅಭ್ಯಾಸದ ಕೋಣೆಯಲ್ಲಿ, ಅದೂ ಲಿಫ್ಟಿಲ್ಲದ ಮೂರನೆಯ ಮಹಡಿಯಲ್ಲಿ, ನಾವು ನಾಲ್ವರು ಬೇಸ್ ವಾದಕರು ಒಂದು ಭಾನುವಾರ ಪರೀಕ್ಷೆ ಮಾಡಿದೆವು. ಒಂದೇ ಕ್ಯಾಬಿನೆಟ್, ಹತ್ತಿಂಚಿನ ನಾಲ್ಕು ಸ್ಪೀಕರಿನದು. ಒಂದು 19 ಕಿಲೋದ ಎಬಿ-ಕ್ಲಾಸ್ ಹೆಡ್, ಒಂದು 2.5 ಕಿಲೋದ ಡಿ-ಕ್ಲಾಸ್ ಹೆಡ್. ಎರಡರ ಮೇಲೂ ಒಂದು ಪಂಚೆ ಹೊದಿಸಿದ್ದೆವು. ಒಬ್ಬ ಪಂಚೆಯೊಳಗೆ ಕೈಹಾಕಿ ಕೇಬಲ್ ಬದಲಿಸುತ್ತಿದ್ದ, ಉಳಿದವರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದೆವು. ಮೊದಲ ಸುತ್ತಿನಲ್ಲಿ ಎಲ್ಲರೂ ಸಲೀಸಾಗಿ ಗುರುತಿಸಿದೆವು, ಜಂಬವೂ ಬಂತು. ಆಗ ಕಿರಿಯವನೊಬ್ಬ ಎರಡರ ಜೋರು ಒಂದೇ ಇದೆಯೇ ಎಂದು ಕೇಳಿದ. ಅಳೆದು ನೋಡಿದರೆ ಭಾರದ ಹೆಡ್ ಮೂರು ಡೆಸಿಬೆಲ್ ಹೆಚ್ಚು ಕೊಡುತ್ತಿತ್ತು. ಅದರ ಗುಂಡಿಗಳನ್ನೆಲ್ಲ ನಡುವಿಗೆ ಇಟ್ಟಿದ್ದರೂ ಕೆಳಸ್ಥಾಯಿ ಕೊಂಚ ಉಬ್ಬಿಯೇ ಇತ್ತು. ಜೋರನ್ನು ಸಮ ಮಾಡಿ, ಹಗುರದ್ದರಲ್ಲಿ ಬೇಸ್ ಗುಂಡಿಯನ್ನು ಒಂದು ಗೆರೆ ಏರಿಸಿದ ಮೇಲೆ ಹತ್ತು ಸಲದಲ್ಲಿ ನಾನು ಸರಿ ಹೇಳಿದ್ದು ಐದು. ಅಷ್ಟಕ್ಕೆ ಕಿವಿ ಬೇಕಾಗಿಲ್ಲ, ನಾಣ್ಯ ಚಿಮ್ಮಿದರೂ ಬರುತ್ತದೆ.

ಆದರೆ ಪರೀಕ್ಷೆ ಅಲ್ಲಿಗೆ ನಿಲ್ಲಲಿಲ್ಲ, ಮತ್ತು ಹಗುರದವರ ಪಕ್ಷಕ್ಕೆ ಪೂರ್ತಿ ಗೆಲುವೂ ಸಿಗಲಿಲ್ಲ. ಎರಡನ್ನೂ ಮುಕ್ಕಾಲಿಗೂ ಮೇಲೆ ತಿರುಗಿಸಿ ಡ್ರಮ್ಸ್ ಜೊತೆ ನುಡಿಸಿದಾಗ ಭೇದ ತಿರುಗಿ ಬಂತು. ಹಳೆಯದು ತನ್ನ ಮಿತಿ ದಾಟಿದಾಗ ಸ್ವಲ್ಪ ಒರಟಾಗಿ ಮುಂದಕ್ಕೆ ತಳ್ಳುತ್ತದೆ. ಹೊಸದರಲ್ಲಿ ಲಿಮಿಟರ್ ಇದೆ. ಮಿತಿ ಬಂದ ಕೂಡಲೇ ಅದು ಸದ್ದನ್ನು ಹಿಡಿದುಬಿಡುತ್ತದೆ, ಸ್ವರದ ಮೊದಲ ಏಟು ಬರುತ್ತದೆ, ಹಿಂದಿನ ಮೈ ಬರುವುದಿಲ್ಲ. ನಿಮಗೆ ಎದೆಗೆ ತಾಗಲಿಲ್ಲ ಎನಿಸಿದ್ದರಲ್ಲಿ ಒಂದು ಪಾಲು ಇದಿರಬಹುದು. ವಾಲ್ವ್ ಆಂಪಿನದಂತೂ ಬೇರೆಯೇ ದಾರಿ: ಅದು ಮಿತಿಯನ್ನು ನಿಧಾನವಾಗಿ ಮುಟ್ಟುತ್ತದೆ, ಮುಟ್ಟುವಾಗ ಮೂಲಸ್ವರಕ್ಕೆ ಉಪಸ್ವರಗಳನ್ನು (ಹಾರ್ಮೋನಿಕ್ಸ್) ಸೇರಿಸುತ್ತದೆ. ಅದನ್ನು ಪ್ರೀತಿಸುವವರಿಗೆ ಡಿ-ಕ್ಲಾಸ್ ಎಂದೂ ಹಿಡಿಸದು, ಅವರನ್ನು ನಾನು ತಪ್ಪೆನ್ನುವುದಿಲ್ಲ.

ಈಗ ನಿಮ್ಮ ಆ ರಾತ್ರಿಯ ಲೆಕ್ಕ. ಎರವಲು ತಂದ ಕ್ಯಾಬಿನೆಟ್ ಒಂದೇ, 8 ಓಮಿನದು ಎಂದು ಊಹಿಸುತ್ತೇನೆ (ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆ). ಟೋನ್ ಹ್ಯಾಮರ್ 500 ಎಂಬ ಹೆಸರಿನ 500 ವಾಟ್ 4 ಓಮಿಗೆ. 8 ಓಮಿಗೆ ಅದು 250. ಲಿಟಲ್ ಮಾರ್ಕ್ 500ರಿಂದ 300ಕ್ಕೆ ಇಳಿಯುತ್ತದೆ, ಸಬ್‌ವೇ ಡಿ-800 ಅರ್ಧಕ್ಕೆ. ವಾಟ್ ಅರ್ಧವಾದರೆ ಮೂರು ಡೆಸಿಬೆಲ್ ಮಾತ್ರ ಕಡಿಮೆ, ಇದು ಅಷ್ಟು ದೊಡ್ಡದಲ್ಲ. ದೊಡ್ಡದು ಯಾವುದೆಂದರೆ ಸ್ಪೀಕರ್ ತಳ್ಳುವ ಗಾಳಿ. ಒಂದೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗಿಳಿದರೆ ಕೋನ್ ನಾಲ್ಕು ಪಟ್ಟು ದೂರ ಓಡಬೇಕು. ಇ ತಂತಿಯ ಮೂಲಸ್ವರ 41 ಹರ್ಟ್ಸ್, ಐದು ತಂತಿಯ ಗಿಟಾರಿನ ಬಿ 31 ಹರ್ಟ್ಸ್. ಹನ್ನೆರಡಿಂಚಿನ ಒಂಟಿ ಸ್ಪೀಕರ್ ಅಲ್ಲಿ ಓಡುವಷ್ಟು ಓಡಿ ಸುಸ್ತಾಗುತ್ತದೆ. ಚಿಕ್ಕ ಪೆಟ್ಟಿಗೆ, ಆಳದ ಸ್ವರ, ಕಡಿಮೆ ವಾಟಿಗೆ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದೆಂಬುದು ಸ್ಪೀಕರ್ ಕಟ್ಟುವವರ ಹಳೆಯ ಲೆಕ್ಕ, ಅದನ್ನು ಹಾಫ್‌ಮನ್ ನಿಯಮ ಎನ್ನುತ್ತಾರೆ. ನಿಯೋಡಿಮಿಯಂ ಅಯಸ್ಕಾಂತ ತೂಕ ಇಳಿಸುತ್ತದೆ, ಈ ನಿಯಮವನ್ನು ಇಳಿಸುವುದಿಲ್ಲ.

ಇನ್ನೊಂದು ಅನುಮಾನವಿದೆ, ತಪ್ಪಾಗಿದ್ದರೆ ಕ್ಷಮಿಸಿ. ಮನೆಯಲ್ಲಿ ಚೆನ್ನಾಗಿ ಕೇಳಿಸಿತೆಂದಿರಿ. ಕಡಿಮೆ ಜೋರಿನಲ್ಲಿ ನಮ್ಮ ಕಿವಿಗೆ ಮಂದ್ರ ಕಡಿಮೆ ಕೇಳಿಸುತ್ತದೆ, ಹಾಗಾಗಿ ಎಲ್ಲರೂ ಮನೆಯಲ್ಲಿ ಬೇಸ್ ಏರಿಸಿ ನಡುವನ್ನು ಇಳಿಸುತ್ತೇವೆ. ಮಾರ್ಕ್‌ಬಾಸಿನಲ್ಲಿ ವಿಪಿಎಫ್ ಎಂಬ ಗುಂಡಿ 380 ಹರ್ಟ್ಸಿನ ಸುತ್ತ ತಗ್ಗು ತೋಡುತ್ತದೆ. ಒಂಟಿಯಾಗಿ ನುಡಿಸುವಾಗ ಅಮೃತ, ಡ್ರಮ್ಸ್ ಮತ್ತು ಕೀಬೋರ್ಡಿನವರ ಎಡಗೈ ಬಂದ ಕೂಡಲೇ ನೀವು ಮಾಯ. ವೇದಿಕೆಯಲ್ಲಿ ಬೇಸ್ ಗಿಟಾರ್ ಇದ್ದೇ ಇದೆ ಎಂದು ಹೇಳುವುದು 200ರಿಂದ 800ರ ನಡುವಿನ ಭಾಗ. ಆ ರಾತ್ರಿ ಗುಂಡಿಗಳು ಎಲ್ಲಿದ್ದವು, ಮತ್ತು ಕ್ಯಾಬಿನೆಟ್ಟನ್ನು ಕುರ್ಚಿಯ ಮೇಲೆ ಇಟ್ಟಿದ್ದಿರೋ ನೆಲದ ಮೇಲೋ, ನೆನಪಿದ್ದರೆ ಬರೆಯಿರಿ.


ತುಂಗೆ_ಟೊರಾಂಟೊ ಉತ್ತರಿಸಿದ್ದು:

ನಾನು ಶಿವಮೊಗ್ಗದವಳು, ಈಗ ಟೊರಾಂಟೊದಲ್ಲಿದ್ದೇನೆ. ಇಲ್ಲಿನ ಒಂದು ಜಾಝ್ ತಂಡದಲ್ಲಿ ನುಡಿಸುತ್ತೇನೆ, ದೀಪಾವಳಿ ಮತ್ತು ರಾಜ್ಯೋತ್ಸವದ ಸಮಯದಲ್ಲಿ ಕನ್ನಡ ಕಾರ್ಯಕ್ರಮಗಳಿಗೂ. ಕಾರಿಲ್ಲ. ಬೆನ್ನಿಗೆ ಗಿಟಾರ್, ಅದರ ಚೀಲದ ಮುಂದಿನ ಜೇಬಿನಲ್ಲಿ ಹೆಡ್, ಕೈಯಲ್ಲಿ ಗಾಲಿಯಿರುವ ಕ್ಯಾಬಿನೆಟ್. ಒಂಬತ್ತು ವರ್ಷದಿಂದ ಮೆಟ್ರೋದಲ್ಲಿ ಹೀಗೇ ಓಡಾಡುತ್ತಿದ್ದೇನೆ. 38 ಕಿಲೋದ ಆಂಪ್ ಇದ್ದಿದ್ದರೆ ನಾನು ಬೇಸ್ ನುಡಿಸುತ್ತಲೇ ಇರಲಿಲ್ಲ, ಆದ್ದರಿಂದ ನಾದದ ವಾದದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ.

ಒಂಬತ್ತು ವರ್ಷದಲ್ಲಿ ಒಮ್ಮೆ ಕೈಕೊಟ್ಟಿದೆ. ತಪ್ಪು ನನ್ನದೇ. ಹೊರಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿತ್ತು, ಬಸ್ಸಿಗಾಗಿ ಅರ್ಧ ಗಂಟೆ ನಿಂತಿದ್ದೆ. ಬೆಚ್ಚನೆಯ ಸಭಾಂಗಣಕ್ಕೆ ಬಂದವಳೇ ಚೀಲದಿಂದ ತೆಗೆದು ಸ್ವಿಚ್ ಹಾಕಿದೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟದ ಹಾಗೆ ಮೈಯೆಲ್ಲ ಬೆವೆತಿತ್ತು, ಒಳಗೂ ಹಾಗೆಯೇ ಬೆವೆತಿರಬೇಕು. ಒಂದು ಸಲ ಚಿಟ್ ಎಂದು ಸುಮ್ಮನಾಯಿತು. ವಾರಂಟಿ ಇತ್ತು, ಮಾಡ್ಯೂಲ್ ಬದಲಿಸಿಕೊಟ್ಟರು. ಈಗ ಚೀಲದೊಳಗೇ ಮುಕ್ಕಾಲು ಗಂಟೆ ಬಿಟ್ಟು ತೆಗೆಯುತ್ತೇನೆ. ಮೈಸೂರಿನಲ್ಲಿ ನಿಮಗೆ ಈ ಕಷ್ಟವಿಲ್ಲ, ಆದರೆ ರಾತ್ರಿಯ ಎಸಿ ಬಸ್ಸಿನ ಡಿಕ್ಕಿಯಿಂದ ಕರಾವಳಿಯ ಸೆಕೆಗೆ ಇಳಿಸಿದಾಗಲೂ ಇದೇ ಆಗಬಹುದು.

ಆ ದಿನ ಕಾರ್ಯಕ್ರಮ ನಿಲ್ಲಲಿಲ್ಲ. ಬೂಟಿನ ಪಾಲಿಶ್ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಪ್ರಿಆಂಪ್ (ಗಿಟಾರಿನ ಸಣ್ಣ ಸಂಕೇತವನ್ನು ಮಿಕ್ಸರಿಗೆ ತಕ್ಕಂತೆ ಹೊಂದಿಸುವ ಪೆಟ್ಟಿಗೆ) ಒಂದು ಚೀಲದಲ್ಲಿತ್ತು, ಅದರಿಂದ ನೇರವಾಗಿ ಮಿಕ್ಸರಿಗೆ ಕೊಟ್ಟೆ. ನೀವು ಕಾಂಬೋಗೆ ಕಾಂಬೋ ಬದಲಿ ಒಯ್ಯಲಾರಿರಿ, ಆದರೆ ಎರಡೂವರೆ ಕಿಲೋದ ಹೆಡ್ಡಿನ ಜೊತೆ ಇನ್ನೊಂದು ದಾರಿಯನ್ನು ಖಂಡಿತ ಒಯ್ಯಬಹುದು. ಹುಬ್ಬಳ್ಳಿಯವರು ಹೇಳಿದ ರಿಪೇರಿಯ ಕೊರತೆಗೆ ನನಗೆ ತಿಳಿದ ಮದ್ದು ಇದೊಂದೇ.


ಮಂದ್ರ_ಮೈಸೂರು ಮತ್ತೆ ಬರೆದದ್ದು:

ಮೂವರಿಗೂ ಋಣಿ. ಇಷ್ಟು ವಿವರವಾಗಿ ಯಾರಾದರೂ ಬರೆದಾರೆಂದು ಎಣಿಸಿರಲಿಲ್ಲ. ಉತ್ತರ ತಡವಾದದ್ದಕ್ಕೆ ಕಾರಣ, ನೀವು ಹೇಳಿದ್ದನ್ನು ಮಾಡಿ ನೋಡಿಯೇ ಬರೆಯೋಣ ಎಂದುಕೊಂಡದ್ದು.

ಮೊದಲು ತಪ್ಪೊಪ್ಪಿಗೆ. ಬೆಂಗಳೂರಿನವರ ಅನುಮಾನ ನೂರಕ್ಕೆ ನೂರು ನಿಜ. ಕ್ಯಾಬಿನೆಟ್ ಪ್ಲಾಸ್ಟಿಕ್ ಕುರ್ಚಿಯ ಮೇಲಿತ್ತು. ಮನೆಯಲ್ಲಿ ಹೊಂದಿಸಿದ ಗುಂಡಿಗಳನ್ನು ಅಲುಗಾಡಿಸಬಾರದೆಂದು ಸ್ಥಾನಗಳ ಫೋಟೋ ಬೇರೆ ತೆಗೆದಿಟ್ಟುಕೊಂಡಿದ್ದೆ! ಅದನ್ನು ನೋಡಿದರೆ ಬೇಸ್ ಪೂರ್ತಿ ಬಲಕ್ಕೆ, ನಡುವಿನದು ಒಂಬತ್ತು ಗಂಟೆಯ ಮುಳ್ಳಿನ ಹಾಗೆ. ಅದೇ ಸ್ನೇಹಿತರನ್ನು ಕಾಡಿ ಅದೇ ಜೋಡಿಯನ್ನು ಮತ್ತೆ ತಂದೆ. ಕಳೆದ ಶನಿವಾರ ನಂಜನಗೂಡಿನ ಹತ್ತಿರ ಒಂದು ಮದುವೆಯ ಆರತಕ್ಷತೆ. ಈ ಸಲ ನೆಲದ ಮೇಲೆ, ಹಿಂಬದಿಯ ಗೋಡೆಗೆ ಒಂದು ಗೇಣು ಬಿಟ್ಟು ಇಟ್ಟೆ. ಬೇಸ್ ನಡುವಿಗೆ ತಂದು, ನಡುವಿನದನ್ನು ಒಂದು ಗಂಟೆಗೆ ಏರಿಸಿದೆ. ಮೊದಲ ಹಾಡು ಮುಗಿದಾಗ ಡ್ರಮ್ಸ್ ಹುಡುಗ ತಿರುಗಿ ನೋಡಿದ. ಹಳೆಯ ಕಾಂಬೋದ ಗುದ್ದು ಪೂರ್ತಿ ಬಂತೆಂದು ಹೇಳಲಾರೆ. ಎ ತಂತಿಯ ಮೇಲಿರುವ ತನಕ ಏನೂ ಕೊರತೆಯಿಲ್ಲ, ಇ ತಂತಿಯ ಕೆಳಗಿನ ಮನೆಗಳಿಗೆ ಇಳಿದಾಗ ಇನ್ನೂ ಸ್ವಲ್ಪ ಬೇಕಿತ್ತು ಅನ್ನಿಸಿತು. ಅದು ಸ್ಪೀಕರಿನ ಮಿತಿ ಎಂದು ಈಗ ಅರ್ಥವಾಗಿದೆ. ಹಾಗಾಗಿ 12 ಇಂಚಿನ ಕ್ಯಾಬಿನೆಟ್ ಎರಡು ಕೊಳ್ಳುವ ಯೋಚನೆ: ಚಿಕ್ಕ ಕಡೆಗೆ ಒಂದು, ಮೈದಾನಕ್ಕೆ ಎರಡು. ಒಂದೊಂದು 14 ಕಿಲೋದ ಒಳಗಿದ್ದರೆ ವೈದ್ಯರ ಅಪ್ಪಣೆಯನ್ನೂ ಮೀರಿದಂತಾಗುವುದಿಲ್ಲ.

ಇನ್ನು ಮಲ್ಟಿಮೀಟರ್. ಅಂದು ಸಾಕೆಟಿನಲ್ಲಿ ದೀಪ ಹಾಕುವ ಮೊದಲು 236 ಇತ್ತು. ದೀಪ ಹಾಕಿದ ಮೇಲೆ ನಮ್ಮ ಸಾಕೆಟಿನಲ್ಲಿ 262, ಪಕ್ಕದ ಮೈಕಿನವರ ಸಾಕೆಟಿನಲ್ಲಿ 204. ಜನರೇಟರಿನ ಹುಡುಗನನ್ನು ಕರೆದು ತೋರಿಸಿದೆ. ಅವನು ಮೊದಲು ನನ್ನ ಮೀಟರನ್ನೇ ಅನುಮಾನಿಸಿದ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಪೆಟ್ಟಿಗೆ ತೆಗೆದ. ನ್ಯೂಟ್ರಲಿನ ಬೋಲ್ಟ್ ಬೆರಳಲ್ಲೇ ತಿರುಗುವಷ್ಟು ಸಡಿಲಿತ್ತು. ಜನರೇಟರ್ ನಿಲ್ಲಿಸಿ ಬಿಗಿ ಮಾಡಿದ ಮೇಲೆ ಎರಡೂ ಕಡೆ 230ರ ಹತ್ತಿರ ಬಂತು. ಹದಿನಾಲ್ಕು ವರ್ಷ ಇದನ್ನು ನೋಡದೆ ಪ್ಲಗ್ ಸಿಕ್ಕಿಸಿದ್ದೇನಲ್ಲ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಒಂದೇ ಪ್ರಶ್ನೆ ಉಳಿದಿದೆ. ಎರಡು ಕ್ಯಾಬಿನೆಟ್ಟನ್ನು ಸಮಾಂತರವಾಗಿ ಜೋಡಿಸಿದರೆ ಅಡ್ಡಿ ಅರ್ಧವಾಗಿ, 8 ಮತ್ತು 8 ಸೇರಿ ಒಟ್ಟು 4 ಓಮ್ ಎಂದು ಲೆಕ್ಕ ಹಾಕಿದ್ದೇನೆ. ನನ್ನ ಹಳೆಯ ಕಾಂಬೋದ 15 ಇಂಚಿನ ಸ್ಪೀಕರನ್ನೂ ಮನೆಯಲ್ಲಿ ಇವುಗಳ ಜೊತೆ ಜೋಡಿಸಬಹುದೇ?


ಬೆಸುಗೆ_ಹುಬ್ಬಳ್ಳಿ ಉತ್ತರಿಸಿದ್ದು:

262 ನೋಡಿಯೂ ಪ್ಲಗ್ ಹಾಕದೆ ನಿಂತಿರಲ್ಲ, ಬಹಳ ಸಂತೋಷ. ಆ ಬೋಲ್ಟ್ ಇನ್ನೊಂದು ಸುತ್ತು ಸಡಿಲಾಗಿದ್ದರೆ ಸೋಮವಾರ ಆ ಹೆಡ್ ನನ್ನಂಥವನೊಬ್ಬನ ಮೇಜಿನ ಮೇಲೆ ಇರುತ್ತಿತ್ತು.

8 ಮತ್ತು 8 ಸೇರಿ 4, ನಿಮ್ಮ ಲೆಕ್ಕ ಸರಿ. ಹಳೆಯದೂ 8 ಆಗಿದ್ದರೆ ಮೂರೂ ಸೇರಿ 2.67 ಆಗುತ್ತದೆ, ನೀವು ಬರೆದ ಹೆಡ್‌ಗಳಲ್ಲಿ 2 ಓಮಿನವರೆಗೆ ಹೋಗಲು ಅನುಮತಿ ಇರುವುದು ಡಿ-800ಕ್ಕೆ ಮಾತ್ರ, ಅದರಲ್ಲೂ ಹಿಂದಿನ ಸ್ವಿಚ್ಚನ್ನು ಆ ಸ್ಥಾನಕ್ಕೆ ಹಾಕಿದ್ದರೆ. ಉಳಿದ ಎರಡನ್ನು 4 ಓಮಿಗಿಂತ ಕೆಳಗೆ ಇಳಿಸಬೇಡಿ. ಅದಕ್ಕಿಂತ ಮುಖ್ಯವಾದದ್ದು, ಇಂಥ ಅನೇಕ ಹೆಡ್‌ಗಳಲ್ಲಿ ಸ್ಪೀಕರಿನ ಎರಡೂ ತುದಿಗಳಲ್ಲಿ ವೋಲ್ಟೇಜ್ ಇರುತ್ತದೆ, ಯಾವುದೂ ಗ್ರೌಂಡ್ ಅಲ್ಲ. ಹಳೆಯ ಕಾಂಬೋದಲ್ಲಿ ಸ್ಪೀಕರಿನ ಒಂದು ತಂತಿ ಲೋಹದ ಚಾಸಿಗೆ ಸೇರಿರುವುದು ಸಾಮಾನ್ಯ. ಆ ಸ್ಪೀಕರನ್ನು ಒಳಗಿನ ಆಂಪಿನಿಂದ ಪೂರ್ತಿ ಬಿಡಿಸದೆ ಹೊಸ ಹೆಡ್ಡಿಗೆ ಕೊಟ್ಟರೆ ಹೊಸದು ಅಲ್ಲೇ ಹೋಗುತ್ತದೆ. ಹಳೆಯದನ್ನು ಹಾಗೆಯೇ ಮನೆಯಲ್ಲಿ ಅಭ್ಯಾಸಕ್ಕೆ ಇಟ್ಟುಕೊಳ್ಳಿ; ಎತ್ತುವ ಕೆಲಸವಿಲ್ಲದಿದ್ದರೆ 38 ಕಿಲೋ ಯಾರಿಗೂ ತೊಂದರೆ ಕೊಡುವುದಿಲ್ಲ. ಹೊಸ ಕ್ಯಾಬಿನೆಟ್ಟಿಗೆ ಸ್ಪೀಕರಿಗೆಂದೇ ಇರುವ ಸ್ಪೀಕಾನ್ ಕೇಬಲ್ ಬಳಸಿ, ಗಿಟಾರಿನ ಕೇಬಲ್ಲನ್ನು ಮರೆತೂ ಅಲ್ಲಿ ಸಿಕ್ಕಿಸಬೇಡಿ. ಭಾವಮೈದನವರು ಹಿಂಬದಿಯ ಫಲಕದ ಫೋಟೋ ಕಳಿಸಿದಾಗ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.